ಟ್ರೌಟಿಗೆ ಅರೆದ ಮಸಾಲೆ

ಒಳಲಂಗಕ್ಕೆ ಲಾಡಿ ಪೋಣಿಸಲು ಎಲ್ಲರೂ ಸೇಫ್ಟಿ ಪಿನ್ ಬಳಸುತ್ತಾರೆ. ನಾನು ಬಳಸುತ್ತಿರಲಿಲ್ಲ. ಲಾಡಿಯ ತುದಿಗೆ ಸಿಕ್ಕಿಸಿದ ಪಿನ್ನು ಅರ್ಧ ದಾರಿಯಲ್ಲಿ ಬಾಯಿ ಬಿಟ್ಟು, ಬಟ್ಟೆಗೆ ಚುಚ್ಚಿಕೊಂಡು, ಮುಂದೆಯೂ ಹೋಗದೆ ಹಿಂದೆಯೂ ಬಾರದೆ ನಿಲ್ಲುವ ಫಜೀತಿ ನಿಮಗೂ ಗೊತ್ತಿರಬಹುದು. ನನ್ನ ಹೊಲಿಗೆ ಡಬ್ಬಿಯಲ್ಲಿ ಒಂದು ಆರ್ಟರಿ ಫೋರ್ಸೆಪ್ಸ್ ಇತ್ತು. ಆಪರೇಷನ್ ಥಿಯೇಟರಿನಲ್ಲಿ ರಕ್ತನಾಳವನ್ನು ಅದುಮಿ ಹಿಡಿಯುವ ಸಣ್ಣ ಇಕ್ಕಳ ಅದು. ನೋಡಲು ಕತ್ತರಿಯ ಹಾಗೆ, ಆದರೆ ಕತ್ತರಿಸುವುದಿಲ್ಲ. ಕಚ್ಚಿ ಹಿಡಿದು, ಬೀಗ ಹಾಕಿಕೊಂಡು ಕೂರುತ್ತದೆ. ನಾವು ನರ್ಸುಗಳು ಅದನ್ನು ಬರೀ ‘ಆರ್ಟರಿ’ ಎನ್ನುತ್ತೇವೆ. ಲಾಡಿಯ ತುದಿಯನ್ನು ಅದರ ಬಾಯಿಗೆ ಕೊಟ್ಟು ನೂಕಿದರೆ ಒಂದೇ ಉಸಿರಿಗೆ ಆಚೆ ಬದಿಯಲ್ಲಿ ತಲೆ ಹಾಕುತ್ತದೆ.

ಮೊನ್ನೆ ಒಂದು ಹೊಸ ಲಂಗ ಹಿಡಿದು ಕುಳಿತು ಡಬ್ಬಿಗೆ ಕೈ ಹಾಕಿದೆ. ಆರ್ಟರಿ ಅಲ್ಲಿಲ್ಲ ಎಂಬುದು ಆಮೇಲೆ ನೆನಪಾಯಿತು. ಅದು ಈಗ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ, ನನ್ನ ತಮ್ಮ ಬೋನಿಫಾಸನ ಮೀನು ಹಿಡಿಯುವ ಜಾಕೀಟಿನ ಜೇಬಿನಲ್ಲಿದೆ. ಮೆಲ್ಬರ್ನಿನ ಕ್ಲೇಟನ್‌ನಲ್ಲಿ ನಾನು ಎಲ್ಲರ ಹಾಗೆ ಪಿನ್ನು ಹುಡುಕುತ್ತಿದ್ದೇನೆ.

ನನ್ನ ಕೈಯಿಂದ ಒಂದು ವಸ್ತು ಹೀಗೆ ಹೋಗಿ ಅಲ್ಲೇ ಉಳಿಯುವುದು ಸಣ್ಣ ಸಂಗತಿಯಲ್ಲ. ಹರೆಯದಲ್ಲಿ ಮಂಗಳೂರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯಲು ಸೇರಿದವಳು ನಾನು. ಅಲ್ಲಿ ಕಲಿಸುತ್ತಿದ್ದ ಕನ್ಯಾಸ್ತ್ರೀಯರಿಗೆ ದೇವರ ನಂತರ ಮುಖ್ಯವಾದದ್ದು ಹಾಸಿಗೆ. ದಿಂಬಿನ ಚೀಲದ ಬಾಯಿ ವಾರ್ಡಿನ ಬಾಗಿಲ ಕಡೆಗೆ ಇರಬಾರದು. ಮಂಚದ ಗಾಲಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿರಬೇಕು. ರೋಗಿ ಸಾಯಲಿ ಬದುಕಲಿ, ಹೊದಿಕೆಯ ಮೂಲೆ ಲಕೋಟೆಯ ಹಾಗೆ ಮಡಚಿರಬೇಕು. ಇವತ್ತಿಗೂ ಯಾವ ಹೋಟೆಲಿಗೆ ಹೋದರೂ ನಾನು ಮೊದಲು ದಿಂಬು ತಿರುಗಿಸುತ್ತೇನೆ, ಆಮೇಲೆ ಚಪ್ಪಲಿ ಬಿಚ್ಚುತ್ತೇನೆ. ಮುಂದೆ ಆಪರೇಷನ್ ಥಿಯೇಟರಿನ ನರ್ಸ್, ಅಂದರೆ ಥಿಯೇಟರ್ ಸಿಸ್ಟರ್ ಆದಾಗ ಎಣಿಸುವ ರೂಢಿ ಸೇರಿಕೊಂಡಿತು. ಹೊಟ್ಟೆ ಮುಚ್ಚುವ ಮೊದಲು ಹತ್ತಿಯ ತುಂಡುಗಳಿಂದ ಹಿಡಿದು ಕೊನೆಯ ಇಕ್ಕಳದವರೆಗೆ ಎಲ್ಲವೂ ಲೆಕ್ಕಕ್ಕೆ ಸಿಗಬೇಕು. ಸಿಗದೆ ಹೋದರೆ ಎಷ್ಟು ದೊಡ್ಡ ಸರ್ಜನ್ ಆದರೂ ಹೊಲಿಗೆ ಹಾಕುವಂತಿಲ್ಲ. ಕೈ ಎತ್ತಿಕೊಂಡು ನಿಲ್ಲಬೇಕು. ಮದುವೆಯಾಗಲು ನನಗೆ ಪುರುಸೊತ್ತಾಗಲಿಲ್ಲ ಎಂದರೆ ಜನ ನಗುತ್ತಾರೆ. ಈ ಲೆಕ್ಕಾಚಾರ ಕಂಡು ಓಡಿಹೋದವರೂ ಒಬ್ಬಿಬ್ಬರು ಇರಬಹುದು.

ಆರ್ಟರಿ ನನಗೆ ಸಿಕ್ಕಿದ್ದು, ಈ ದೇಶಕ್ಕೆ ಬಂದ ಮೇಲೆ ದುಡಿದ ಕ್ಲೇಟನ್ನಿನ ಆಸ್ಪತ್ರೆಯಿಂದ ನಿವೃತ್ತಳಾದ ದಿನ. ತುದಿ ತುಸು ಬಾಗಿದೆ ಎಂದು ಅದನ್ನು ಬಳಕೆಯಿಂದ ತೆಗೆದಿದ್ದರು. ಜೊತೆಯ ಹುಡುಗಿಯರು ಅದಕ್ಕೊಂದು ರಿಬ್ಬನ್ ಕಟ್ಟಿ, ಹೂಗುಚ್ಛದೊಡನೆ ಕೈಗಿಟ್ಟರು. ಹೂವು ನಾಲ್ಕು ದಿನ ಬಂತು.

ಇನ್ನು ಮೀನಿನ ಕಥೆ. ನಾವು ಗುರುಪುರ ಹೊಳೆಯ ಪಕ್ಕ ಬೆಳೆದವರು, ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರು. ನಮ್ಮಲ್ಲಿ ಮೀನಿಲ್ಲದ ಊಟಕ್ಕೆ ಊಟ ಎನ್ನುವುದಿಲ್ಲ, ಜ್ವರ ಎನ್ನುತ್ತಾರೆ. ಅಮ್ಮ ಮೀನಿನವಳ ಬುಟ್ಟಿಯ ಮುಂದೆ ಕುಳಿತು ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದ ಗಾಂಭೀರ್ಯವನ್ನು ನಾನು ಮುಂದೆ ದೊಡ್ಡ ದೊಡ್ಡ ಡಾಕ್ಟರುಗಳಲ್ಲೂ ಕಾಣಲಿಲ್ಲ. ಬೋನಿಫಾಸ, ನಮ್ಮ ಬೋನ, ಕೊನೆಯವನು. ಅವನ ಬಟ್ಟಲಿನ ಮೀನಿನಿಂದ ಮುಳ್ಳು ತೆಗೆದುಕೊಡುವುದು ನನ್ನ ಕೆಲಸವಾಗಿತ್ತು. ಅದು ಅವನಿಗೆ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. “ನಾನೇ ತೆಗೀತೇನೆ” ಎಂದು ಬಟ್ಟಲನ್ನು ಎದೆಗೆ ಅಪ್ಪಿಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಒಂದೆರಡು ಸಲ ಗಂಟಲಿಗೆ ಮುಳ್ಳು ಸಿಕ್ಕಿತು. ಅನ್ನದ ಉಂಡೆ ನುಂಗಿಸಿದೆವು. ಆದರೂ ಬಟ್ಟಲು ಕೊಡಲಿಲ್ಲ.

ಆಗ ಮೀನು ಹಿಡಿಯುವುದೆಂದರೆ ಎರೆಹುಳ ಸಿಕ್ಕಿಸಿದ ಗಾಳ, ಕೆಸರು, ಮನೆಗೆ ಬಂದ ಮೇಲೆ ಬೂದಿ ಹಚ್ಚಿ ಉಜ್ಜುವುದು, ಹುರಿಯುವುದು, ತಿನ್ನುವುದು. ಈ ಕೆಲಸದಲ್ಲಿ ಯಾವ ಹಂತವನ್ನೂ ಬಿಡಬಹುದೆಂದು ನನಗೆ ತೋಚಿರಲಿಲ್ಲ.

ಬೋನ ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದ. ಪಕ್ಕದ ಮೇಜಿನವರು ಹುಬ್ಬಳ್ಳಿಯ ಪಾಟೀಲರು. ಮೊಟ್ಟೆಯಿರುವ ಕೇಕನ್ನೂ ಮುಟ್ಟದ ಶುದ್ಧ ಸಸ್ಯಾಹಾರಿಗಳು. ನನ್ನ ತಮ್ಮನಿಗೆ ಟ್ರೌಟ್ ಮೀನಿನ ಹುಚ್ಚು ಹಿಡಿಸಿದವರು ಇವರೇ ಎಂದರೆ ನೀವು ನಂಬುವುದಿಲ್ಲ, ನಾನೂ ನಂಬಿರಲಿಲ್ಲ. ಬೆಟ್ಟದ ಹೊಳೆಯಲ್ಲಿ ತೊಡೆಯವರೆಗೆ ರಬ್ಬರ್ ಬೂಟು ಹಾಕಿ ನಿಲ್ಲುವುದು. ಕೋಳಿಯ ಗರಿ, ಮೊಲದ ತುಪ್ಪಳ, ರೇಷ್ಮೆ ನೂಲು ಸುತ್ತಿ ನೊಣದ ಹಾಗೆ ಮಾಡಿದ ಕೊಕ್ಕೆಯನ್ನು ನೀರಿನ ಮೇಲೆ ನಯವಾಗಿ ಇಳಿಸುವುದು. ಮೀನು ಅದನ್ನು ನಿಜವಾದ ನೊಣವೆಂದು ನಂಬಿ ಬಾಯಿ ಹಾಕುವುದು. ಆ ಸುಳ್ಳು ನೊಣಕ್ಕೆ ಅವರು ‘ಫ್ಲೈ’ ಎನ್ನುತ್ತಾರೆ. ಇಬ್ಬರೂ ನಿವೃತ್ತರಾದ ಮೇಲೆ ಇದು ರಜೆಯ ಹವ್ಯಾಸವಾಗಿ ಉಳಿಯಲಿಲ್ಲ, ಪೂರ್ತಿ ಉದ್ಯೋಗವಾಯಿತು.

ಈಸ್ಟರಿಗೆ ಎಲ್ಲರೂ ನಡುದಾರಿಯಲ್ಲಿ ಸೇರೋಣ ಎಂದು ಬೋನ ಫೋನು ಮಾಡಿದ. ಸಿಡ್ನಿಗೂ ಮೆಲ್ಬರ್ನಿಗೂ ನಡುವೆ, ಸ್ನೋಯಿ ಪರ್ವತಗಳ ತಪ್ಪಲಿನಲ್ಲಿ ಟ್ಯೂಮಟ್ ಎಂಬ ಊರು. ಅದರಾಚೆಯ ಕಣಿವೆಯಲ್ಲಿ ಒಂದು ಹೊಳೆ, ಹೊಳೆಯ ಪಕ್ಕ ಬಾಡಿಗೆಗೆ ಮರದ ಮನೆ. “ಟ್ರೌಟ್ ಹಿಡಿಯುವುದು ನೋಡು ಬಾ” ಎಂದ. ನೋಡು ಎಂದದ್ದನ್ನು ನಾನು ತಿನ್ನು ಎಂದು ತಿಳಿದುಕೊಂಡೆ. ನಮ್ಮ ಊರಿನ ಯಾರೇ ಆಗಲಿ ಹಾಗೆಯೇ ತಿಳಿದುಕೊಳ್ಳುತ್ತಿದ್ದರು. ಗುಡ್ ಫ್ರೈಡೇ ದಿನ ನಮಗೆ ಮಾಂಸವಿಲ್ಲ, ಮೀನು ಆಗುತ್ತದೆ. ಎಲ್ಲ ಕೂಡಿಬಂತು. ಗುರುವಾರವೇ ಒಣಮೆಣಸು, ಉಪ್ಪು, ಜೀರಿಗೆ, ಅರಿಶಿನ, ಬೆಳ್ಳುಳ್ಳಿ, ಹುಣಿಸೆ, ಚೂರು ವಿನೆಗರ್ ಹಾಕಿ ಮಸಾಲೆ ಅರೆದೆ. ಕೊಂಕಣಿಯಲ್ಲಿ ಅದಕ್ಕೆ ಮೀಟ್ ಮಿರ್ಸಾಂಗ್ ಎನ್ನುತ್ತಾರೆ, ಉಪ್ಪು ಮೆಣಸು ಎಂದಷ್ಟೇ ಅರ್ಥ. ಐಸು ತುಂಬಿದ ಪೆಟ್ಟಿಗೆಯಲ್ಲಿ, ಇಲ್ಲಿಯವರು ಎಸ್ಕಿ ಎನ್ನುತ್ತಾರಲ್ಲ ಅದರಲ್ಲಿ, ಮಸಾಲೆಯ ಡಬ್ಬಿಯನ್ನು ನಡುವೆ ಕೂರಿಸಿದೆ. ಕಾವಲಿಯನ್ನೂ ತೆಗೆದುಕೊಂಡೆ.

ಹೊಳೆಯೆಂದರೆ ನನ್ನ ಮನಸ್ಸಿನಲ್ಲಿ ಗುರುಪುರವೇ ಇತ್ತು. ಅಗಲ, ಉಪ್ಪು ವಾಸನೆ, ದೋಣಿ. ಇದು ಕಲ್ಲಿನಿಂದ ಕಲ್ಲಿಗೆ ಹಾರುವ ತಿಳಿನೀರು. ದಡದಲ್ಲಿ ಹಳದಿಗೆ ತಿರುಗುತ್ತಿದ್ದ ಪಾಪ್ಲರ್ ಮರಗಳು. ಏಪ್ರಿಲ್ ತಿಂಗಳಿನಲ್ಲಿ ಎಲೆ ಉದುರುವುದಕ್ಕೆ ನಾನು ಇನ್ನೂ ಪೂರ್ತಿ ಒಪ್ಪಿಗೆ ಕೊಟ್ಟಿಲ್ಲ. ಮಡಚುವ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕುಳಿತೆ. ಬಹಳ ಹೊತ್ತಿನ ಮೇಲೆ ಬೋನನ ದಾರ ಬಿಗಿಯಾಯಿತು, ಕೋಲು ಬಾಗಿತು, ನೀರು ಸಿಡಿಯಿತು. ಬಲೆಯಲ್ಲಿ ಬಂದದ್ದು ಕಂದು ಮೈಯ, ಕೆಂಪು ಚುಕ್ಕೆಯ ಚೆಲುವಾದ ಮೀನು. ನಾನು ತಟ್ಟೆ ಹಿಡಿದು ಎದ್ದೆ. ಬೋನ ಕೈ ಒದ್ದೆ ಮಾಡಿಕೊಂಡ, ಕೊಕ್ಕೆ ಬಿಡಿಸಿದ, ಮೀನನ್ನು ನೀರೊಳಗೆ ಹಿಡಿದು ಒಮ್ಮೆ ನೋಡಿದ, ಬಿಟ್ಟುಬಿಟ್ಟ.

“ಅಯ್ಯೋ ಮಾರಾಯ, ಜಾರಿತಾ?”

“ಜಾರಿದ್ದಲ್ಲ ಅಕ್ಕ, ಬಿಟ್ಟದ್ದು.”

“ಬಿಟ್ಟದ್ದು ಅಂದ್ರೆ ಎಂತ?”

“ಬಿಟ್ಟದ್ದು ಅಂದ್ರೆ ಬಿಟ್ಟದ್ದು. ನಾವು ಹಿಡಿದು ಬಿಡುವವರು.”

“ತಲೆ ಸರಿ ಉಂಟಾ ನಿನಗೆ? ನಾನು ಮಸಾಲೆ ಅರೆದು ತಂದದ್ದು ಎಂತಕ್ಕೆ, ಮುಖಕ್ಕೆ ಹಚ್ಚಲಿಕ್ಕಾ?”

ಅವನ ಹೆಂಡತಿ ಜೆಸ್ಸಿ ದಡದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಈಗ ಗೊತ್ತಾಯ್ತಾ ಅಕ್ಕ ನನ್ನ ಅವಸ್ಥೆ? ಇವರು ದಿನವಿಡೀ ಮೀನು ಹಿಡೀತಾರೆ, ನಾನು ಸಂಜೆ ಮಾರ್ಕೆಟ್ಟಿಗೆ ಹೋಗಿ ಮೀನು ತರ್ತೇನೆ.”

ನಾನು ಪಾಟೀಲರ ಕಡೆ ತಿರುಗಿದೆ. “ತಿನ್ನುವುದಿಲ್ಲ ಅಂತಾದ್ರೆ ಹಿಡಿಯುವುದು ಎಂತಕ್ಕೆ ಪಾಟೀಲರೇ?”

ಅವರು ತಣ್ಣಗೆ ಹೇಳಿದರು: “ಸಿಸ್ಟರ್, ಕ್ರಿಕೆಟ್ ಆಡಾವ್ರು ಚೆಂಡ ತಿಂತಾರೇನ್ರೀ?”

ಆ ರಾತ್ರಿ ನಾವು ಪಾಟೀಲರು ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಮಸಾಲೆ ಹೋದ ಹಾಗೆಯೇ ಐಸಿನ ನಡುವೆ ಕುಳಿತು ಕ್ಲೇಟನ್ನಿಗೆ ವಾಪಸು ಬಂತು. ಅರೆದದ್ದನ್ನು ಚೆಲ್ಲುವ ಪದ್ಧತಿ ನನ್ನಲ್ಲಿಲ್ಲ. ಒಂದು ಹೂಕೋಸು ತಂದು, ಬಿಡಿಸಿ, ಅದಕ್ಕೆ ಹಚ್ಚಿ ಹುರಿದೆ. ಪಕ್ಕದ ಬಾಡಿಗೆ ಮನೆಯಲ್ಲಿದ್ದ ಯೂನಿವರ್ಸಿಟಿ ಹುಡುಗರು ವಾಸನೆಗೆ ಬಂದು, “ಆಂಟಿ, ಫಿಶ್ಶಾ?” ಎಂದು ಕೇಳಿ, ತಿಂದು ಹೋದರು.

ಮರುವರ್ಷವೂ ಅರೆದೆ. ಅದರ ಮರುವರ್ಷವೂ. ಹಠವೇ ಇರಬೇಕು, ಒಂದಾದರೂ ಮೀನು ತಟ್ಟೆಗೆ ಬಂದೀತು ಎಂಬ ಆಸೆ. ಬೋನ ಬಂದವನೇ ಮೊದಲು ಎಸ್ಕಿಯ ಮುಚ್ಚಳ ತೆಗೆದು, ಕೆಂಪು ಡಬ್ಬಿ ನೋಡಿ, “ಬಂದಿದ್ದಾಳೆ, ನಮ್ಮ ಶತ್ರು” ಎಂದು ಮುಚ್ಚುತ್ತಿದ್ದ. ಅದು ಒಂದು ವಿಧಿಯೇ ಆಗಿಹೋಯಿತು. ಪೂಜೆಗೆ ಮುಂಚಿನ ಗಂಟೆಯ ಹಾಗೆ, ಅದಿಲ್ಲದೆ ಈಸ್ಟರ್ ಶುರುವಾಗುತ್ತಿರಲಿಲ್ಲ.

ನಾನೂ ಒಮ್ಮೆ ಕೋಲು ಹಿಡಿದೆ ಎಂದು ಒಪ್ಪಿಕೊಳ್ಳಬೇಕು. ಗಡಿಯಾರದ ಹತ್ತಕ್ಕೂ ಎರಡಕ್ಕೂ ನಡುವೆ ಮಾತ್ರ ಕೈ ಆಡಬೇಕು, ಹಿಂದಕ್ಕೆ ಬೀಸಿದ ದಾರ ಪೂರ್ತಿ ನೀಳವಾಗುವವರೆಗೆ ಕಾಯಬೇಕು, ಆಮೇಲೆ ಮುಂದಕ್ಕೆ ಎಂದು ಪಾಟೀಲರು ಹೇಳಿಕೊಟ್ಟರು. ಗಡಿಯಾರವೆಂದ ಕೂಡಲೇ ಇದು ನನಗೆ ಹೇಳಿ ಮಾಡಿಸಿದ ವಿದ್ಯೆ ಎನ್ನಿಸಿತು. ಶಿಸ್ತಾಗಿ ಬೀಸಿದೆ. ಮೊದಲ ಬೀಸಿಗೆ ಒಂದು ವಿಲೋ ಮರ ಸಿಕ್ಕಿತು, ಎರಡನೆಯದಕ್ಕೆ ಪಾಟೀಲರ ಟೊಪ್ಪಿ. “ಟೊಪ್ಪಿಗೀನೂ ಬಿಟ್ಟುಬಿಡ್ರೀ ಸಿಸ್ಟರ್, ಸಣ್ಣದೈತಿ, ಬೆಳೀಲಿ” ಎಂದರು ಅವರು. ನಾನು ಕುರ್ಚಿಗೆ ಮರಳಿದೆ.

ನನಗೆ ಅಲ್ಲಿ ಕೆಲಸ ದೊರಕಿಸಿಕೊಟ್ಟದ್ದು ಆರ್ಟರಿ. ಪಾಟೀಲರು ಮೀನಿಗೆ ನೋಯಬಾರದೆಂದು ಕೊಕ್ಕೆಯ ಹಿಮ್ಮುಳ್ಳನ್ನೆಲ್ಲ ಮೊದಲೇ ಅದುಮಿ ಚಪ್ಪಟೆ ಮಾಡಿರುತ್ತಿದ್ದರು. ಆದರೂ ಕೆಲವು ಅತಿಯಾಸೆಯ ಮೀನು ಫ್ಲೈಯನ್ನು ಗಂಟಲತನಕ ನುಂಗಿರುತ್ತಿತ್ತು. ಒಮ್ಮೆ ಬೋನ ದಪ್ಪ ಬೆರಳು ತೂರಿಸಿ ತಡಕಾಡುತ್ತಿದ್ದುದನ್ನು ನೋಡಲಾರದೆ ನಾನು ಹೊಲಿಗೆ ಡಬ್ಬಿ ತೆರೆದೆ. ಆರ್ಟರಿ ಒಳಗೆ ಹೋಯಿತು, ಕಚ್ಚಿತು, ಕೊಕ್ಕೆ ಈಚೆ ಬಂತು. ಮೀನು ತಿರುಗಿಯೂ ನೋಡದೆ ಹೋಯಿತು.

“ಅಕ್ಕ, ಇದನ್ನು ನನಗೆ ಕೊಡು” ಎಂದ ಬೋನ.

“ಬೆಳಿಗ್ಗೆ ತೆಗೆದುಕೋ, ಸಂಜೆ ವಾಪಸು ಕೊಡು.”

“ಲೈಬ್ರರಿಯಾ ಇದು?”

“ಥಿಯೇಟರ್.”

ಅಂದಿನಿಂದ ಪ್ರತಿ ಈಸ್ಟರಿಗೂ ಬೆಳಿಗ್ಗೆ ಕೊಟ್ಟು ಸಂಜೆ ಎಣಿಸಿ ಒಳಗಿಡುತ್ತಿದ್ದೆ.

ಹೀಗಿರುವಾಗ ಒಂದು ಚಳಿಗಾಲದಲ್ಲಿ ಬೋನನಿಗೆ ಸ್ಟ್ರೋಕ್ ಆಯಿತು. ದೊಡ್ಡದಲ್ಲ. ಮಾತು ಉಳಿಯಿತು, ಬಲಗೈ ಉಳಿಯಿತು, ಕಾಲು ತುಸು ಎಳೆಯಿತು. ಎಡಗೈಯ ಬೆರಳುಗಳು ಮಾತ್ರ ಹೇಳಿದ ಮಾತು ಕೇಳದಾದವು. ಮುಷ್ಟಿ ಕಟ್ಟುತ್ತಿದ್ದವು, ಚಿವುಟುತ್ತಿರಲಿಲ್ಲ. ನಾನು ಸಿಡ್ನಿಗೆ ಹೋಗಿ ಕೆಲವು ವಾರ ಇದ್ದೆ, ದಿಂಬು ತಿರುಗಿಸಿದೆ, ಮಾತ್ರೆಗಳನ್ನು ಡಬ್ಬಿಗೆ ಹಾಕಿಟ್ಟೆ. ಅವನು ಅಂಗಿಯ ಗುಂಡಿ ಹಾಕಲು ಹೆಣಗುವಾಗ ನಾನು ಮುಂದೆ ಹೋದರೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಬಟ್ಟಲು ಬದಲಾಗಿತ್ತು, ಬೆನ್ನು ಅದೇ.

ಈಸ್ಟರ್ ಹತ್ತಿರ ಬಂದಾಗ ಜೆಸ್ಸಿ ಫೋನು ಮಾಡಿದಳು. “ಅಕ್ಕ, ಈ ಸಲ ಹೊಳೆ ಬೇಡ ಅಂತ ನೀವೇ ಒಮ್ಮೆ ಹೇಳಿ. ನನ್ನ ಮಾತಿಗೆ ಬೆಲೆ ಇಲ್ಲ. ಫಿಸಿಯೋದವರು ಮಣ್ಣಿನ ಹಾಗಿನ ಎಂಥದೋ ಮುದ್ದೆ ಕೊಟ್ಟಿದ್ದಾರೆ, ಅದನ್ನು ಹಿಸುಕುವುದು ಬಿಟ್ಟು ನೂಲು ಹಿಡಿದು ಕೂತಿರ್ತಾರೆ. ಗಂಟು ಹಾಕ್ಲಿಕ್ಕೆ ಆಗುವುದಿಲ್ಲ, ಸಿಟ್ಟು ನನ್ನ ಮೇಲೆ.”

ನಾನು ಬೋನನಿಗೆ ಹೇಳಿದೆ. ಅವನು, “ಹೊಳೆ ನನಗೆ ಎಂತ ಮಾಡಿದೆ?” ಎಂದು ಫೋನು ಇಟ್ಟ.

ಸರಿ, ಹೋಗುವುದೇ ಆದರೆ ಸರಿಯಾಗಿ ಹೋಗಬೇಕು. ಸಾಮಾನು ಕಟ್ಟಿದೆ. ಬೆಚ್ಚನೆ ನೀರಿನ ಚೀಲ, ಜಾರದ ತಳದ ಚಪ್ಪಲಿ, ಎರಡು ಹೆಚ್ಚಿನ ದಿಂಬು, ಬಿಪಿ ನೋಡುವ ಯಂತ್ರ. ಯಂತ್ರಕ್ಕೆ ಚೀಲದಲ್ಲಿ ಜಾಗ ಸಾಲದೆ ಎಸ್ಕಿಯ ಮೇಲಿನ ತಟ್ಟೆಯಲ್ಲಿಟ್ಟೆ. ಮಸಾಲೆ ಅರೆಯಲಿಲ್ಲ. ಮರೆತದ್ದಲ್ಲ, ನಿರ್ಧರಿಸಿದ್ದೂ ಅಲ್ಲ. ರೋಗಿಯೊಬ್ಬನನ್ನು ಕರೆದೊಯ್ಯುವಾಗ ಮನಸ್ಸು ತಾನಾಗಿ ಬೇರೆ ಸಾಮಾನು ಜೋಡಿಸುತ್ತದೆ.

ಮರದ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅವರು ಆಗಲೇ ಬಂದಿದ್ದರು. ಬೋನ ಕಾಲೆಳೆಯುತ್ತ ಬಂದು, ವಾಡಿಕೆಯಂತೆ ನನ್ನನ್ನು ಮಾತಾಡಿಸುವ ಮೊದಲು ಎಸ್ಕಿಯ ಮುಚ್ಚಳ ತೆಗೆದ. ನೋಡಿದ. ಮೇಲಿನ ತಟ್ಟೆ ಎತ್ತಿ ಕೆಳಗೆ ನೋಡಿದ. ಹಾಲು, ಮೊಸರು, ಸೊಪ್ಪು.

“ಮಸಾಲೆ ಎಲ್ಲಿ?”

“ಈ ಸಲ ತರಲಿಲ್ಲ ಮಾರಾಯ. ಅಷ್ಟು ದೂರ ಸುಮ್ಮನೆ ಹೊತ್ತು ತರುವುದು...”

ಅವನು ಬಿಪಿ ಯಂತ್ರ ಎತ್ತಿ ಹಿಡಿದ. “ಹಾಗಾದ್ರೆ ಇದರಲ್ಲಿ ಹುರೀತೀಯಾ ಮೀನು?”

ಜೆಸ್ಸಿ ನಗಲು ಹೊರಟು ಅವನ ಮುಖ ನೋಡಿ ನಿಲ್ಲಿಸಿದಳು. ಅವನು ಯಂತ್ರವನ್ನು ಇದ್ದ ಜಾಗದಲ್ಲೇ ಮೆಲ್ಲಗೆ ಇಟ್ಟು, ಮುಚ್ಚಳ ಹಾಕಿ ಒಳಗೆ ಹೋದ. ಶತ್ರು ಎಂದು ಬೈಸಿಕೊಳ್ಳುತ್ತಿದ್ದ ಡಬ್ಬಿಗೆ ಎಷ್ಟು ಮರ್ಯಾದೆಯಿತ್ತು ಎಂಬುದು ನನಗೆ ತಿಳಿದದ್ದು ಆವಾಗ. ಪ್ರತಿವರ್ಷ ಅದು ಅವನಿಗೆ, ನೀನು ಹಿಡಿದೇ ಹಿಡಿಯುತ್ತೀ ಎಂದು ಹೇಳುತ್ತಿತ್ತು. ಈ ವರ್ಷ ನಾನು ಏನು ಹೇಳಿದ್ದೆ ಎಂಬುದನ್ನು ಅವನು ಓದಿಕೊಂಡಿದ್ದ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಬೋನ ಪಾಟೀಲರಿಗೆ ಹೇಳಿದ: “ಪಾಟೀಲರೇ, ತನ್ನ ಫ್ಲೈ ದಾರಕ್ಕೆ ತಾನೇ ಕಟ್ಟಿಕೊಳ್ಳುವವ ಮಾತ್ರ ಮೀನು ಹಿಡಿಯುವವ, ಉಳಿದವರು ಪಿಕ್ನಿಕ್ಕಿನವರು ಅಂತ ಮೊದಲ ದಿನ ನನಗೆ ಹೇಳಿದ್ದು ನೀವೇ. ಇವತ್ತು ನನ್ನ ಕೈಯಲ್ಲಿ ಕಟ್ಟಲಿಕ್ಕೆ ಆಗದಿದ್ರೆ ಈ ರಾಡ್ ನಿಮಗೆ. ನಾನು ಅಕ್ಕನ ಪಕ್ಕ ಕುರ್ಚಿ ಹಾಕ್ತೇನೆ.”

“ಏ, ಅದೇನ ಮಾತ್ರೀ? ನಾ ಕಟ್ಟಿಕೊಡ್ತೀನಿ, ನೀವು ಬೀಸ್ರಿ.”

“ಬೇಡ.”

“ನನಗ ಕನ್ನಡಕ ಇಲ್ಲದ ಸೂಜಿಗೆ ದಾರ ಹಾಕಾಕ ಬರಂಗಿಲ್ಲ, ನಾ ಏನ್ ಕುರ್ಚಿ ಹಾಕ್ಕೊಂಡ್ನಿ?”

“ಬೇಡ ಅಂದೆನಲ್ಲ.”

ಪಾಟೀಲರು ರೊಟ್ಟಿ ಮುರಿಯತೊಡಗಿದರು. ಬೋನ ತಮಾಷೆ ಮಾಡುತ್ತಿಲ್ಲ ಎಂದು ಮೇಜಿನ ಸುತ್ತ ಇದ್ದ ಎಲ್ಲರಿಗೂ ಅರ್ಥವಾಯಿತು. ಒಂದು ಮಾತು ಆಡಿದರೆ ಅದರಿಂದ ಇಳಿಯುವ ಜಾತಿಯಲ್ಲ ಅವನು.

ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಬರಗಾಲದ ವರ್ಷ, ನೀರು ಕಡಿಮೆಯಿತ್ತು. ಸಣ್ಣಕಲ್ಲುಗಳ ದಡ ಅಗಲವಾಗಿ ತೆರೆದುಕೊಂಡಿತ್ತು. ನೀರಿಗೆ ಇಳಿಯದೆ ದಡದಿಂದಲೇ ಬೀಸುವುದು ಎಂಬ ಒಂದು ಮಾತಿಗೆ ಮಾತ್ರ ಅವನು ಒಪ್ಪಿದ್ದ. ಒಂದು ಬಂಡೆಯ ಮೇಲೆ ಕುಳಿತ. ಕೂದಲೆಳೆಯಂಥ ದಾರವನ್ನು ಬಲಗೈಯಿಂದಲೇ ಫ್ಲೈಯ ತಲೆಯಲ್ಲಿರುವ ಸೂಜಿಗಣ್ಣಿನಂಥ ತೂತಿಗೆ ತೂರಿಸಿದ. ಅದಕ್ಕೇ ಬಹಳ ಹೊತ್ತು ಹಿಡಿಯಿತು. ಆಮೇಲೆ ಗಂಟು. ದಾರದ ತುದಿಯನ್ನು ದಾರದ ಸುತ್ತಲೇ ಸುತ್ತಿ, ಹಿಂದಕ್ಕೆ ತಂದು, ಕುಣಿಕೆಯೊಳಗೆ ಹಾಯಿಸಿ ಎಳೆಯಬೇಕು. ಸುತ್ತುವಾಗ ಎಡಗೈ ಫ್ಲೈಯನ್ನು ಚಿವುಟಿ ಹಿಡಿದಿರಬೇಕು. ಎಡಗೈ ಅದನ್ನು ಹಿಡಿಯುತ್ತಿತ್ತು, ಮರೆಯುತ್ತಿತ್ತು. ಫ್ಲೈ ಕಲ್ಲಿನ ಮೇಲೆ ಬೀಳುತ್ತಿತ್ತು. ಮತ್ತೆ ಮೊದಲಿನಿಂದ.

ಜೆಸ್ಸಿ ನನ್ನ ಮೊಣಕೈ ಹಿಡಿದುಕೊಂಡಳು. “ಹೋಗಿ ಅಕ್ಕ, ಒಂದು ಗಂಟು ಹಾಕಿಕೊಡಿ. ನೀವು ಎಷ್ಟು ಹೊಲಿಗೆ ನೋಡಿದವರು.”

“ನೋಡಿದ್ದೇನೆ. ನೀನು ಸುಮ್ಮನೆ ನಿಲ್ಲು.”

ರೋಗಿ ತಾನೇ ಮಾಡಬಲ್ಲ ಕೆಲಸವನ್ನು ನರ್ಸು ಮಾಡಬಾರದು ಎಂದು ನಮಗೆ ಕಲಿಸಿದ್ದರು. ಮಾಡಲಾರದ ಕೆಲಸವನ್ನು ಮಾಡಿಕೊಡಬೇಕು ಎಂದೂ ಕಲಿಸಿದ್ದರು. ಈ ಎರಡರ ನಡುವೆ ಯಾವುದು ಎಂದು ಗೊತ್ತಾಗದಿದ್ದಾಗ ಏನು ಮಾಡಬೇಕೆಂದು ಕಲಿಸಿದ ನೆನಪಿಲ್ಲ. ಆದರೆ ಥಿಯೇಟರಿನಲ್ಲಿ ಇನ್ನೊಂದು ರೂಢಿಯಿತ್ತು. ಸರ್ಜನ್ ಕೇಳುವ ಮೊದಲೇ, ಬೇಕಾದ ಉಪಕರಣವನ್ನು ಅವನ ಅಂಗೈಗೆ ಹಿಡಿಯ ಕಡೆಯಿಂದ ಗಟ್ಟಿಯಾಗಿ ಇಡುವುದು. ಅವನು ತಲೆ ಎತ್ತಬೇಕಾಗಿಲ್ಲ, ನಾವು ಮಾತಾಡಬೇಕಾಗಿಲ್ಲ. ಆಳವಾದ ಜಾಗದಲ್ಲಿ, ಎರಡು ಕೈ ಹೋಗದ ಕಡೆ, ಸರ್ಜನ್ನರು ಗಂಟನ್ನು ಬೆರಳಿನಿಂದ ಹಾಕುವುದಿಲ್ಲ. ದಾರವನ್ನು ಇಕ್ಕಳದ ಮೂಗಿಗೆ ಸುತ್ತಿ, ಆ ಇಕ್ಕಳದಿಂದಲೇ ಇನ್ನೊಂದು ತುದಿಯನ್ನು ಕಚ್ಚಿ ಎಳೆಯುತ್ತಾರೆ. ನನ್ನ ಕಣ್ಣ ಮುಂದೆ ಅದು ದಿನಬೆಳಗಾದರೆ ನಡೆದ ಕೆಲಸ. ಬೋನನೂ ಕಂಡಿದ್ದ. ಅವನ ಮನೆಯಲ್ಲಿದ್ದ ವಾರಗಳಲ್ಲಿ ನಾನು ಅಂಗಿಗಳ ಗುಂಡಿ ಹೊಲಿದು, ಕೊನೆಯ ಗಂಟನ್ನು ಹಾಗೆ ಹಾಕುವುದನ್ನು ಅವನು ಎದುರಿನ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ.

ಹೋದೆ. ಅವನ ಬಲ ಅಂಗೈಯ ಮೇಲೆ ಆರ್ಟರಿಯನ್ನು ಟಪ್ಪೆಂದು ಇಟ್ಟೆ.

ಅವನು ತಲೆ ಎತ್ತಿದ. “ಇನ್ನೂ ಮೀನು ಸಿಕ್ಕಿಲ್ಲ, ಬಿಡಿಸಲಿಕ್ಕೆ.”

“ನನಗೆ ಗೊತ್ತುಂಟು” ಎಂದು ಹೇಳಿ ತಿರುಗಿ ಬಂದು, ಹೊಳೆಯ ಆಚೆ ದಡವನ್ನು ನೋಡುತ್ತ ಕುಳಿತೆ. ಯಾರಾದರೂ ನೋಡುತ್ತಿದ್ದರೆ ಕೈ ಇನ್ನಷ್ಟು ನಡುಗುತ್ತದೆ. ಆಚೆ ದಡದಲ್ಲಿ ಒಂದು ಹಸು ನೀರು ಕುಡಿಯುತ್ತಿತ್ತು. ಆ ಹಸುವಿನ ವರ್ಣನೆಯನ್ನು ನಾನು ಈಗಲೂ ಪೂರ್ತಿ ಕೊಡಬಲ್ಲೆ.

ಮುಂದಿನದನ್ನು ಜೆಸ್ಸಿ ನನ್ನ ಕಿವಿಯಲ್ಲಿ ಹೇಳುತ್ತ ಹೋದಳು. “ಸುಮ್ಮನೆ ಕೂತಿದ್ದಾರೆ ಅಕ್ಕ. ಈಗ ಫ್ಲೈಯನ್ನು ಜಾಕೀಟಿಗೆ ಚುಚ್ಚಿದ್ರು, ಎದೆಯ ಮೇಲೆ ಕುರಿ ಉಣ್ಣೆಯ ಪಟ್ಟಿ ಉಂಟಲ್ಲ, ಅಲ್ಲಿಗೆ. ದಾರವನ್ನು ಎಡಮುಷ್ಟಿಯಲ್ಲಿ ಹಿಡಿದುಕೊಂಡ್ರು. ಆರ್ಟರಿಗೆ ಸುತ್ತುತ್ತಾ ಇದ್ದಾರೆ. ಬಿಟ್ಟುಹೋಯ್ತು. ಜೇಸು! ಮತ್ತೆ ಸುತ್ತುತ್ತಾ ಇದ್ದಾರೆ. ತುದಿ ಕಚ್ಚಿಸಿದ್ರು. ಎಳೆದ್ರು. ಅಕ್ಕ, ಬಾಯಿಗೆ ಹಾಕಿ ಎಂಜಲು ಮಾಡಿದ್ರು.”

ಎಂಜಲು ಮಾಡಿದ ಎಂದರೆ ಗಂಟು ಬಿದ್ದಿದೆ. ಬಿಗಿಯುವ ಮೊದಲು ಒದ್ದೆ ಮಾಡುವುದು ಅವರ ಪದ್ಧತಿ.

ಪಾಟೀಲರು ಗಂಟನ್ನು ಪರೀಕ್ಷಿಸಲು ಹತ್ತಿರ ಹೋಗಿ, ಕನ್ನಡಕ ಏರಿಸಿ ನೋಡಿದರು. “ಭಾಳ ಚಂದ ಏನಿಲ್ಲ” ಎಂದರು. ಆಮೇಲೆ ಅತ್ತ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು. ಚಳಿಯಿತ್ತು.

ಬೋನನ ಬಲಗೈ ಏನನ್ನೂ ಮರೆತಿರಲಿಲ್ಲ. ಹತ್ತು, ಎರಡು, ಕಾಯುವುದು, ಹತ್ತು. ದಾರ ಹೊಳೆಯ ಮೇಲೆ ಮಲಗಿತು. ಹಿಂದಕ್ಕೆ ಎಳೆದುಕೊಳ್ಳುವುದು ಎಡಗೈಯ ಕೆಲಸ. ಅದನ್ನು ಮುಷ್ಟಿಗೆ ಸುತ್ತಿಕೊಂಡು ಹೇಗೋ ನಿಭಾಯಿಸಿದ. ಬಿಸಿಲು ಏರಿತು, ಮಂಜು ಕರಗಿತು, ಜೆಸ್ಸಿ ಎರಡು ಸಲ ಚಹಾ ತಂದಳು. ಒಂದು ಮರ ಫ್ಲೈಯನ್ನು ಕಿತ್ತುಕೊಂಡಿತು; ಅವನು ಬಂಡೆಗೆ ಮರಳಿ ಇನ್ನೊಂದು ಕಟ್ಟಿದ. ಎರಡನೆಯ ಸಲ ನಾನು ಹಸುವನ್ನು ನೋಡಲಿಲ್ಲ, ಅವನನ್ನೇ ನೋಡಿದೆ.

ಮೀನು ಬಂದದ್ದು ಯಾರೂ ಅದನ್ನು ಕಾಯುವುದು ಬಿಟ್ಟ ಮೇಲೆ. ಕೋಲು ಬಾಗಿತು, ಪಾಟೀಲರು ಬಲೆ ಹಿಡಿದು ಓಡಿದರು, “ಸಡಲ ಬಿಡ್ರಿ, ಸಡಲ ಬಿಡ್ರಿ!” ಎಂದು ಕೂಗುತ್ತ ಮೊಣಕಾಲವರೆಗೆ ನೀರಿಗೆ ಬಿದ್ದರು. ಮೀನು ಬಲೆಗೆ ಬಂತು. ದೊಡ್ಡದಲ್ಲ, ಒಳ್ಳೆಯ ಬಂಗುಡೆಯಷ್ಟು. ಕಾಯಿದೆಯ ಪ್ರಕಾರ ಇಟ್ಟುಕೊಳ್ಳಬಹುದಾದ ಉದ್ದ. ಬೋನ ಬೂಟು ಒದ್ದೆಯಾಗುವುದನ್ನೂ ಲೆಕ್ಕಿಸದೆ ದಡದಂಚಿಗೆ ಮೊಣಕಾಲೂರಿ ಕುಳಿತು, ಆರ್ಟರಿಯಿಂದ ಕೊಕ್ಕೆ ಬಿಡಿಸಿ, ಬಲೆಯನ್ನು ನೀರಲ್ಲೇ ಹಿಡಿದುಕೊಂಡು ನನ್ನ ಕಡೆ ನೋಡಿದ. ನಾನು ಹತ್ತಿರ ಹೋದೆ. ಮೀನಿನ ಕಿವಿರು ತೆರೆಯುತ್ತ ಮುಚ್ಚುತ್ತ ಇತ್ತು. ಅಮ್ಮ ಕಂಡಿದ್ದರೆ ಮರುಮಾತಿಲ್ಲದೆ ಕೊಳ್ಳುತ್ತಿದ್ದಳು, ಅಷ್ಟು ತಾಜಾ.

“ಏನು ಮಾಡುವ ಅಕ್ಕ?” ಎಂದು ಕೇಳಿದ. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

ನಾನು ನನ್ನ ಬರಿಗೈ ನೋಡಿಕೊಂಡೆ.

“ಇಟ್ಟುಕೊಳ್ಳಬಹುದಿತ್ತು” ಎಂದ ಬೋನ. “ಆದರೆ ಮಸಾಲೆ ಇಲ್ಲವಲ್ಲ.”

ಬಲೆ ಓರೆ ಮಾಡಿದ. ಮೀನು ಒಂದು ಕ್ಷಣ ಅವನ ಎಡಮುಷ್ಟಿಯ ನೆರಳಿನಲ್ಲಿ ನಿಂತಿತು, ಆಮೇಲೆ ಇರಲಿಲ್ಲ.

“ಬಿಪಿ ನೋಡಬೇಕಾ ಈಗ?” ಎಂದ.

“ಬೇಡ” ಎಂದೆ. “ಮೊದಲು ಒದ್ದೆ ಸಾಕ್ಸ್ ಬಿಚ್ಚು.”

ಆ ಸಂಜೆ ಸಾಮಾನು ಒಳಗಿಡುವಾಗ ಹೊಲಿಗೆ ಡಬ್ಬಿಯಲ್ಲಿ ಆರ್ಟರಿ ಇರಲಿಲ್ಲ. ಕಿಟಕಿಯ ಪಕ್ಕ ನೇತುಹಾಕಿದ್ದ ಜಾಕೀಟಿನ ಜೇಬಿನಿಂದ ಬೆರಳು ತೂರಿಸುವ ಅದರ ಎರಡು ಬಳೆಗಳು ಹೊರಗೆ ಇಣುಕುತ್ತಿದ್ದವು. ಲೆಕ್ಕ ಸರಿಯಾಗದೆ ಮುಚ್ಚಬಾರದು ಎಂಬುದು ನಿಯಮ. ನಾನು ಡಬ್ಬಿ ಮುಚ್ಚಿದೆ.

ಮರುವರ್ಷ ಗುರುವಾರ ಬೆಳಿಗ್ಗೆ ಮಸಾಲೆ ಅರೆದೆ, ಸ್ವಲ್ಪ ಹೆಚ್ಚಾಗಿಯೇ. ಟ್ಯೂಮಟ್ಟಿನಲ್ಲಿ ಕಾರು ನಿಂತ ಕೂಡಲೇ ಬೋನ ಕಾಲೆಳೆಯುತ್ತ ಬಂದು ಎಸ್ಕಿಯ ಮುಚ್ಚಳ ತೆಗೆದ. “ಬಂದಿದ್ದಾಳೆ, ನಮ್ಮ ಶತ್ರು” ಎಂದು ಮುಚ್ಚಿದ. ಮೂರು ಮೀನು ಹಿಡಿದ, ಮೂರನ್ನೂ ಬಿಟ್ಟ. ನಾನು ತಟ್ಟೆ ಹಿಡಿದು ಪ್ರತಿ ಸಲವೂ ಎದ್ದೆ, ಪ್ರತಿ ಸಲವೂ ಬೈದೆ. ರೊಟ್ಟಿ ಮತ್ತು ಶೇಂಗಾ ಚಟ್ನಿ ತಿಂದು ಮನೆಗೆ ಮರಳಿದೆ.

ಕ್ಲೇಟನ್ನಿಗೆ ಬಂದು ಮಸಾಲೆಯ ಡಬ್ಬಿಯನ್ನು ಫ್ರಿಜ್ಜಿಗೆ ಸೇರಿಸಿದೆ. ಹೂಕೋಸು ಅಲ್ಲೇ ಕಾಯುತ್ತಿತ್ತು. ಅದನ್ನು ನಾನು ಹೊರಡುವ ಮೊದಲೇ ತಂದಿಟ್ಟಿದ್ದೆ.